ಒರೆಸುವ ಮೊದಲು

ನಮ್ಮವರಿಗೆ ಅವಮಾನವಾದರೆ ಮೊದಲು ಹುಡುಕುವುದು ಬಕೆಟ್ಟು, ಬ್ರಷ್ಷು. ಯಾರೂ ನೋಡುವ ಮೊದಲೇ ತಿಕ್ಕಿ ತೊಳೆದು, ಏನೂ ಆಗಿಲ್ಲವೆಂಬಂತೆ ಮುಂದೊಂದು ರಂಗೋಲಿ ಎಳೆದುಬಿಡುತ್ತಾರೆ. ತಾರತಮ್ಯಕ್ಕೆ ಒಳಗಾದ ಏಷ್ಯಾದವರಿಗೆ ನೆರವಾಗುತ್ತಿದ್ದ, ಆಸ್ಟಿನ್ನಿನ ನಮ್ಮ ಪುಟ್ಟ ಕಚೇರಿಗೆ ದೂರು ಬರುವಷ್ಟರಲ್ಲಿ, ಯಾರೋ ಬೈಗುಳ ಬರೆದುಹೋದ ಗೋಡೆ ಫಳಫಳ ಹೊಳೆಯುತ್ತಿರುತ್ತಿತ್ತು. ಪೊಲೀಸರಿಗೆ ತೋರಿಸಲು ಏನೂ ಉಳಿದಿರುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎರಡು ಸಾವಿರನೇ ಇಸವಿಯ ಆಚೀಚಿನ ವರ್ಷಗಳವು. ಯೆಹೂದಿ ದ್ವೇಷದ ವಿರುದ್ಧ ಕೆಲಸ ಮಾಡುತ್ತಿದ್ದ ಡಲ್ಲಾಸ್‌ನ ಸಂಸ್ಥೆಯೊಂದರ ಜೊತೆ ನಮ್ಮ ಕಚೇರಿ ಸಿಬ್ಬಂದಿಯನ್ನು ಅದಲುಬದಲು ಮಾಡಿಕೊಂಡಿತು. ಒಂದು ತಿಂಗಳು ನಾನು ಅಲ್ಲಿ. ಆಮೇಲೊಂದು ತಿಂಗಳು ಅಲ್ಲಿನ ಹಿರಿಯರೊಬ್ಬರು ಇಲ್ಲಿ. ನನ್ನ ಅಮ್ಮನ ವಯಸ್ಸಿನ ಆ ಯೆಹೂದಿ ಹೆಂಗಸು, ನಾನು ಡಲ್ಲಾಸ್‌ಗೆ ಹೋದ ಮೊದಲ ದಿನವೇ ನನಗೆ ಪಾಠ ಶುರು ಮಾಡಿದರು. ಮೊದಲು ಫೋಟೋ, ಆಮೇಲೆ ಪೊಲೀಸ್, ಕೊನೆಗೆ ನೆರೆಹೊರೆಯವರನ್ನು ಕರೆದು ತೊಳೆಯುವುದು. "ಒಬ್ಬರೇ ತೊಳೆದರೆ ನಾಚಿಕೆ ನಿಮ್ಮದಾಗುತ್ತದೆ. ಎಲ್ಲರೂ ಸೇರಿ ತೊಳೆದರೆ ಬರೆದವನದಾಗುತ್ತದೆ" ಎಂದರು.

ಅವರು ನಮ್ಮಲ್ಲಿಗೆ ಬಂದಿದ್ದಾಗ ಒಂದು ಬೆಳಿಗ್ಗೆ ಪಕ್ಕದ ಊರು ಸೀಡರ್ ಪಾರ್ಕಿನಿಂದ ಧಾರವಾಡದ ಆಂಟಿಯೊಬ್ಬರ ಫೋನು. ಅವರ ಗ್ಯಾರೇಜಿನ ಬಾಗಿಲ ಮೇಲೆ ಯಾರೋ ಕಪ್ಪು ಪೇಂಟಿನಲ್ಲಿ 'ನಿಮ್ಮ ದೇಶಕ್ಕೆ ತೊಲಗಿ' ಎಂದು ಬರೆದು ಹೋಗಿದ್ದರು.

"ಆಂಟಿ, ಒರೆಸ್ಬೇಡಿ, ಬಂದೆವು!" ಎಂದು ಕಾರು ಓಡಿಸಿದೆ. ನಾವು ತಲುಪಿದಾಗ ಅವರು ಸೆರಗು ಸಿಕ್ಕಿಸಿ ಬಕೆಟ್ಟು ಹಿಡಿದೇ ನಿಂತಿದ್ದರು.

"ಮಂದಿ ನೋಡಿದ್ರ ಮರ್ಯಾದಿ ಏನ್ ಉಳೀತದವಾ? ಸಾಕಾಗೇದ ನಂಗ. ಈ ಮನಿ ಮಾರಿ ಲೂಯಿಸ್‌ವಿಲ್‌ಗೆ ನಮ್ಮ ತಮ್ಮನ ಹತ್ರ ಹೋಗಿಬಿಡ್ತೀವಿ."

"ಮನೆ ಆಮೇಲೆ ಮಾರಿ ಆಂಟಿ. ಬಕೆಟ್ ಮಾತ್ರ ಕೆಳಗಿಡಿ."

ಮುಖ ಊದಿಸಿಕೊಂಡೇ ಇಟ್ಟರು. ಫೋಟೋ ಆಯಿತು, ಪೊಲೀಸರೂ ಬಂದು ಹೋದರು. ಅಷ್ಟರಲ್ಲಿ ನನ್ನ ಜೊತೆ ಬಂದಿದ್ದ ಡಲ್ಲಾಸ್‌ನ ಹಿರಿಯರು ಅಕ್ಕಪಕ್ಕದ ಬಾಗಿಲುಗಳನ್ನು ಬಡಿಯತೊಡಗಿದ್ದರು. ವರ್ಷಗಟ್ಟಲೆ ಕಾರಿನೊಳಗಿಂದ ಕೈ ಬೀಸಿದ್ದು ಬಿಟ್ಟರೆ ಆಂಟಿಗೆ ಅವರ್ಯಾರ ಪರಿಚಯವೂ ಇರಲಿಲ್ಲ. ನಾಚಿಕೆಯಿಂದ ಒಳಗೆ ಹೋಗಿ ಕದ ಹಾಕಿಕೊಂಡರು.

ಸಂಜೆ ಆ ಬೀದಿಯ ಜನ ಏಣಿ, ಬ್ರಷ್ಷು, ಪೈಪು ಹಿಡಿದು ಬಂದರು. ಬಾಗಿಲು ಬೆಳ್ಳಗಾಗುತ್ತ ಬಂದಂತೆ ಆಂಟಿ ಮೆಲ್ಲಗೆ ಹೊರಬಂದರು. ಮನೆ ಮುಂದೆ ದುಡಿದವರನ್ನು ಬರಿಹೊಟ್ಟೆಯಲ್ಲಿ ಕಳಿಸುವ ಜಾಯಮಾನ ಅವರದಲ್ಲ. ಕೈಯಲ್ಲಿ ಪಾತ್ರೆ ತುಂಬ ಮಂಡಕ್ಕಿ ಗಿರ್ಮಿಟ್ಟು. ಖಾರಕ್ಕೆ ಎಲ್ಲರ ಕಣ್ಣಲ್ಲೂ ನೀರು ಬಂತು, ಯಾರೂ ಬೇಡವೆನ್ನಲಿಲ್ಲ. ಮನೆ ಮಾರುವ ಮಾತು ಅಂದಿಗೇ ನಿಂತಿತು.

ಕೆಲವು ತಿಂಗಳ ನಂತರ ಡಲ್ಲಾಸ್‌ನಿಂದ ಕರೆ ಬಂತು. ಅಲ್ಲಿನ ಯೆಹೂದಿ ಪ್ರಾರ್ಥನಾ ಮಂದಿರದ ಗೋಡೆಗೆ ಯಾರೋ ಹೊಲಸು ಬರೆದಿದ್ದರು. ನಾನು ಹೊರಟಿದ್ದೇನೆಂದು ತಿಳಿದ ಆಂಟಿ, ಕೇಳದೆಯೇ ಬುತ್ತಿ, ಬಕೆಟ್ಟು ಸಮೇತ ಕಾರು ಹತ್ತಿ ಕೂತರು. ಮೂರೂವರೆ ಗಂಟೆಯ ದಾರಿಯುದ್ದಕ್ಕೂ ಬರೆದವನಿಗೆ ಶಾಪ ಹಾಕುತ್ತ ಬಂದರು.

ನಾವು ಇಳಿದಾಗ, ಆ ಮಂದಿರಕ್ಕೆ ನಡೆದುಕೊಳ್ಳುವ ಮುದುಕರೊಬ್ಬರು ತಲೆ ತಗ್ಗಿಸಿ, ಒದ್ದೆ ಬಟ್ಟೆ ಹಿಡಿದು ಒಬ್ಬರೇ ಗೋಡೆಯ ಕಡೆ ಹೋಗುತ್ತಿದ್ದರು.

"ಏ ಅಜ್ಜಾರ, ಮುಟ್ಟಬ್ಯಾಡ್ರಿ! ಫೋಟೋ ಆಗಿಲ್ಲ ಇನ್ನಾ! ಎಲ್ಲಾರೂ ಬರಲಿ, ಕೂಡೇ ತೊಳಿಯೂಣು!" ಎಂದು ಆಂಟಿ ಕೂಗಿದರು.

ಅಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಆದರೂ ಮುದುಕರು ಗಕ್ಕನೆ ನಿಂತರು. ಆಂಟಿ ಹೋಗಿ ಅವರ ಕೈಯಿಂದ ಬಟ್ಟೆ ತೆಗೆದುಕೊಂಡು ಪಕ್ಕದಲ್ಲೇ ನಿಂತರು. ನನಗೆ ಎದೆಯುಬ್ಬಿ ಬಂತು.

"ಏನಂದರು ಅವರು?" ಎಂದು ಅಲ್ಲೇ ನಿಂತಿದ್ದ ಡಲ್ಲಾಸ್‌ನ ನನ್ನ ಹಿರಿಯ ಸಹೋದ್ಯೋಗಿ ಕೇಳಿದರು.

"ನೀವು ನನಗೆ ಹೇಳಿಕೊಟ್ಟಿದ್ದನ್ನೇ" ಎಂದೆ.