ಹಣೆಗೆ ಬಟ್ಟೆ ಕಟ್ಟುವ ವಾಮದೇವಪ್ಪ

ಬೆಳಗಿನ ಐದೂವರೆ. ದಾವಣಗೆರೆಯ ವಿಜ್ಞಾನ ಕಾಲೇಜೊಂದರ ಮೇಲ್ಮಹಡಿಯಲ್ಲಿ ಯಾವ ಕಿಟಕಿಗೂ ಇನ್ನೂ ಬೆಳಕಿಲ್ಲ. ಪ್ರಯೋಗಾಲಯದ ಬಾಗಿಲ ಹೊರಗೆ ಚಪ್ಪಲಿ ಬಿಟ್ಟ ವಾಮದೇವಪ್ಪ, ಚೀಲದಿಂದ ಒಗೆದು ಮಡಿಸಿದ ಬಿಳಿ ಬಟ್ಟೆ ತೆಗೆದು, ಹಣೆಯ ಮೂರೆಳೆ ವಿಭೂತಿ ಪೂರ್ತಿ ಮುಚ್ಚುವಂತೆ ಹುಬ್ಬಿನವರೆಗೆ ಬಿಗಿಯಾಗಿ ಕಟ್ಟಿಕೊಳ್ಳುತ್ತಾರೆ. ಆಮೇಲೇ ಹೊಸಿಲು ದಾಟುವುದು. ಹುಡುಗರು ಕಂಡರೆ ‘ಜ್ವರ ಬಂದೈತಾ ಅಜ್ಜ’ ಎಂದು ಕಾಲೆಳೆಯುತ್ತಾರೆ. ಅವರು ನಗುತ್ತಾರೆ, ಬಟ್ಟೆ ಮಾತ್ರ ಬಿಚ್ಚುವುದಿಲ್ಲ.

ಐವತ್ತನಾಲ್ಕು ವರ್ಷದ ವಾಮದೇವಪ್ಪ ಇಲ್ಲಿ ದಿನಗೂಲಿಯ ಅಟೆಂಡರ್. ಕರೆಂಟು ಹೋಗುವುದರೊಳಗೆ ಹನ್ನೆರಡು ಲೀಟರ್ ನೀರು ಬಟ್ಟಿ ಇಳಿಸಿ ಮುಗಿಸಬೇಕು. ಎಂಟು ಗಂಟೆಗೆ ರಸಾಯನಶಾಸ್ತ್ರದ ಉಪನ್ಯಾಸಕಿ ಸುಧಾ ಬರುವಷ್ಟರಲ್ಲಿ ಪಾತ್ರೆಗಳು ತೊಳೆದು ಒಣಗಿರಬೇಕು. ನೀರಿಗೆ ಬಿಸಿಲು ತಾಗಿಸಿ ಅದರಿಂದ ಹೈಡ್ರೋಜನ್ ತೆಗೆಯುವುದು ಸುಧಾ ಅವರ ಸಂಶೋಧನೆ. ಹೆಬ್ಬೆರಳ ಉಗುರಿನಗಲದ ಸಿಲಿಕಾನ್ ಬಿಲ್ಲೆಯನ್ನು, ಗಾಜನ್ನೂ ತಿನ್ನುವ ಆಸಿಡ್‌ನಲ್ಲಿಟ್ಟು ಸಣ್ಣಗೆ ಕರೆಂಟು ಹಾಯಿಸುತ್ತಾರೆ. ಬಿಲ್ಲೆಯ ಮೈತುಂಬ ರಂಧ್ರ ಬೀಳುತ್ತವೆ. ಒಂದು ತಲೆಗೂದಲ ದಪ್ಪದಲ್ಲಿ ಸಾವಿರ ರಂಧ್ರ ಸಾಲಾಗಿ ನಿಲ್ಲುವಷ್ಟು ಸಣ್ಣವು. ಅಂಥ ಬಿಲ್ಲೆಯನ್ನು ನೀರಿನಲ್ಲಿಳಿಸಿ ಬಿಸಿಲಿಗಿಟ್ಟರೆ ಗುಳ್ಳೆ ಏಳುತ್ತವೆ. ಗುಳ್ಳೆಯೊಳಗಿರುವುದೇ ಹೈಡ್ರೋಜನ್. ಬಿಸಿಲೊಂದೇ ಇನ್ನೂ ಸಾಲದು, ಜೊತೆಗೆ ಪುಟ್ಟ ಬ್ಯಾಟರಿಯ ಆಸರೆ ಬೇಕು.

“ಗಂಟೆಗೆ ಎರಡು ಮಿಲಿ ಬರ್ತೈತ್ರಿ. ಒಂದು ಚಾಕ್ಕೆ ನೀರು ಕಾಯ್ಸಾಕೂ ಆಗಲ್ಲ” ಎಂದು ನೋಡಲು ಹೋದ ನಮಗೆ ಹೇಳುತ್ತಾರೆ ವಾಮದೇವಪ್ಪ. “ಆದ್ರ ಮೊದ್ಲು ಅರ್ಧ ಮಿಲಿ ಬರ್ತಿತ್ತು ನೋಡ್ರಿ.”

ಅವರು ಓದಿದ್ದು ಏಳನೆಯ ಇಯತ್ತೆ. ಆನೆಕೊಂಡದ ಮನೆಯಿಂದ ಹದಿನೆಂಟು ವರ್ಷ ಹತ್ತಿ ಮಿಲ್ಲಿಗೆ ನಡೆದವರು, ನೂಲುವ ಯಂತ್ರದ ಮುಂದೆ ನಿಂತವರು. ಮಿಲ್ಲು ಮುಚ್ಚಿದ ಮೇಲೆ ಇಲ್ಲಿಗೆ ಬಂದರು. ಮಿಲ್ಲಿನಿಂದ ಅವರು ತಂದದ್ದು ಎರಡೇ: ಹೊತ್ತಿಗೆ ಮುಂಚೆ ಬರುವ ಅಭ್ಯಾಸ, ಮತ್ತು ಅಮಾವಾಸ್ಯೆಯ ಪೂಜೆ. ಅಲ್ಲಿ ಪ್ರತಿ ಅಮಾವಾಸ್ಯೆ ಸಂಜೆ ಯಂತ್ರಗಳಿಗೆ ವಿಭೂತಿ ಬಳಿದು ಕಾಯಿ ಒಡೆಯುತ್ತಿದ್ದರು. “ದುಡಿಯಾ ಸಾಮಾನು ಕೈ ಕೊಡಬಾರ್ದಲ್ರಿ” ಎಂದು ಇಲ್ಲಿಯೂ ನೀರಿನ ಬಟ್ಟಿಗೆ, ಆಸಿಡ್ ಪಾತ್ರೆಗೆ ಮೂರೆಳೆ ಎಳೆದು, ಊದುಬತ್ತಿ ಹಚ್ಚಿ, ಮರುದಿನ ತೊಳೆದಿಡುತ್ತಿದ್ದರು. ಯಾರೂ ಬೇಡ ಎಂದಿರಲಿಲ್ಲ.

ಕಳೆದ ವರ್ಷ, ತೊಂಬತ್ತೇಳರ ಆಗಸ್ಟ್‌ನಲ್ಲಿ, ಹೊಸ ಆಸಿಡ್ ಪಾತ್ರೆ ಬಂತು. ಹರಿಹರದ ಲೇತ್ ಕೆಲಸಗಾರ ಜಮಾಲುದ್ದೀನ್ ಬಿಳಿಯ ಟೆಫ್ಲಾನ್ ದಿಮ್ಮಿ ಕಡೆದು, ಬಾಯಿಯ ಸುತ್ತ ತಿರುಪಿನ ಗೆರೆಗಳ ಮರೆ ಕೊರೆದು, ತಿರುಗಿಸಿ ಮುಚ್ಚುವ ಮುಚ್ಚಳ ಮಾಡಿಕೊಟ್ಟಿದ್ದರು. ಅಲ್ಲಿಂದಲೇ ಬಿಲ್ಲೆಗಳು ಕೆಡತೊಡಗಿದವು. ಗುಳ್ಳೆ ಎದ್ದಂತೆ ಮಾಡಿ ಅರ್ಧ ಗಂಟೆಗೆ ನಿಂತುಬಿಡುತ್ತಿದ್ದವು. ನೀರು ಬದಲಾಯಿತು, ಆಸಿಡ್ ಬದಲಾಯಿತು. ಕೊನೆಗೆ ತಪ್ಪು ಪಾತ್ರೆಯದೇ ಎಂದಾಯಿತು. ‘ಇನ್ನು ನಿಮ್ಮ ಕೆಲಸ ಬೇಡ’ ಎಂದು ಜಮಾಲುದ್ದೀನ್‌ಗೆ ಹೇಳಿ ಕಳಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗಿತ್ತು. ಆದರೆ ಜ್ವರ ಯಾವ ಎತ್ತಿಗೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಜನವರಿಯಲ್ಲಿ, ಗೋಡೆಯ ಹಳೆಯ ಕ್ಯಾಲೆಂಡರ್ ಇಳಿಸುವಾಗ. ಬಿಲ್ಲೆ ಕೆಟ್ಟ ದಿನ ವಾಮದೇವಪ್ಪ ಅದರ ಮೇಲೆ ಸೀಸದಕಡ್ಡಿಯಲ್ಲಿ ಕತ್ತರಿ ಗುರುತು ಹಾಕುತ್ತಿದ್ದರು. ಮಡಿಸುವ ಮುನ್ನ ಸುಮ್ಮನೆ ಹಾಳೆ ತಿರುವಿದರು. ಐದು ತಿಂಗಳಲ್ಲಿ ಅರವತ್ತು ಬಿಲ್ಲೆ ಮಾಡಿದ್ದರಲ್ಲಿ ಕೆಟ್ಟವು ಹದಿಮೂರು. ಆ ಹದಿಮೂರರಲ್ಲಿ ಹನ್ನೆರಡು ಗುರುತು, ಅಮಾವಾಸ್ಯೆಯ ಕಪ್ಪು ಚುಕ್ಕೆಯ ಮರುವಾರದಲ್ಲೇ ಬಿದ್ದಿದ್ದವು.

“ಕ್ಯಾಲೆಂಡರ್ ಹಿಡ್ಕಂಡು ಅಲ್ಲೇ ಕುಂತೆ” ಎನ್ನುತ್ತಾರೆ. “ಹಳೇ ಡಬ್ಬಿ ನುಣ್ಣಗಿತ್ತು, ತೊಳೆದ್ರೆ ವಿಭೂತಿ ಹೋಗ್ತಿತ್ತು. ಇದ್ರ ಮರೆಯಾಗೆ ಕುಂತ್ಕಂಡೈತೆ. ನನಗೆ ಕಾಣ್ಲಿಲ್ಲ.”

ಸುಮ್ಮನೆ ಪೂಜೆ ನಿಲ್ಲಿಸಿದ್ದರೆ ಬಿಲ್ಲೆಗಳು ತಾವಾಗಿಯೇ ಸರಿಹೋಗುತ್ತಿದ್ದವು. ಕೇಳುವವರು ಯಾರಿದ್ದರು? ಹೆಂಡತಿ ಶಕುಂತಲಮ್ಮ ಹೇಳಿದ್ದೂ ಅದನ್ನೇ: “ದಿನಗೂಲಿ ಮನ್ಷಾ ನೀವು. ಬಾಯಿ ಮುಚ್ಕಂಡಿರ್ರಿ.” ಎರಡು ದಿನ ಮುಚ್ಚಿಕೊಂಡಿದ್ದರು. ಮೂರನೆಯ ದಿನ ಕ್ಯಾಲೆಂಡರನ್ನು ಸುಧಾ ಅವರ ಮೇಜಿನ ಮೇಲೆ ಹರಡಿ ಎಲ್ಲ ಹೇಳಿದರು.

ಸುಧಾ ಬೈಯಲಿಲ್ಲ. ಎರಡು ಬಿಲ್ಲೆ ಮಾಡಿಸಿದರು. ಒಂದು ಹಾಗೇ, ಇನ್ನೊಂದು ಪಾತ್ರೆಯ ಮರೆಗೆ ಬೇಕೆಂದೇ ಚಿಟಿಕೆ ವಿಭೂತಿ ಸವರಿ. ಮೊದಲನೆಯದು ಸಂಜೆಯವರೆಗೆ ಗುಳ್ಳೆ ಬಿಟ್ಟಿತು, ಎರಡನೆಯದು ಅರ್ಧ ಗಂಟೆಗೇ ನಿಂತಿತು. ವಿಭೂತಿಯ ಸುಣ್ಣದಂಶ ಆಸಿಡ್‌ನೊಡನೆ ಕೂಡಿ ಬಿಲ್ಲೆಗೆ ಪೊರೆ ಕಟ್ಟುತ್ತದಂತೆ. ಅಂದಿನಿಂದ ಅಮಾವಾಸ್ಯೆ ಪೂಜೆ ಹೊರಗಿನ ಬಾಗಿಲ ಚೌಕಟ್ಟಿಗೆ, ಹಣೆಗೆ ಬಟ್ಟೆ. “ವಿಭೂತಿ ಅಳಿಸಾಕೆ ಮನ್ಸು ಬರ್ಲಿಲ್ರಿ. ಮುಚ್ಚಿದ್ರೆ ದೇವ್ರೇನು ಸಿಟ್ಟಾಗಲ್ಲ.”

ಮುಂದಿನ ಭಾನುವಾರ ಅವರು ಬಸ್ಸು ಹತ್ತಿ ಹರಿಹರಕ್ಕೆ ಹೋದರು. ಜಮಾಲುದ್ದೀನ್ ಲೇತ್ ನಿಲ್ಲಿಸದೆ ಕೇಳಿಸಿಕೊಂಡರು. “ನನ್ ಕೈಯಾಗಿನ ಸಾಮಾನಿಗೆ ಪೂಜೆ ಮಾಡಿದ್ರಾ? ಇಷ್ಟು ವರ್ಷದಾಗೆ ಯಾರೂ ಮಾಡಿಲ್ರಿ” ಎಂದರಂತೆ. ಆಮೇಲೆ ಲೇತ್ ನಿಲ್ಲಿಸಿ ಚಹಾ ತರಿಸಿದರು. ಸುಲಭವಾಗಿ ತೊಳೆಯಲು ಬರುವಂತೆ ಅಗಲ ಮರೆಯ ಹೊಸ ಮುಚ್ಚಳವನ್ನೂ ಅವರೇ ಮಾಡಿಕೊಟ್ಟಿದ್ದಾರೆ.

ಸಂಶೋಧನೆಗೆ ನೆರವು ಮುಂದುವರಿಯಬೇಕೇ ಎಂದು ತೀರ್ಮಾನಿಸುವ ಸಮಿತಿಗೆ ಸುಧಾ ಅವರ ವರದಿ ಈ ವಾರ ಹೋಗಬೇಕು. ವಾಮದೇವಪ್ಪ ಅದನ್ನು ಓದಿಸಿ ಕೇಳಿದ್ದಾರೆ. ‘ಹೊರಗಿನ ಕಲ್ಮಶ ಸೇರಿ ಹನ್ನೆರಡು ಬಿಲ್ಲೆ ಕೆಟ್ಟವು’ ಎಂದಷ್ಟೇ ಅದರಲ್ಲಿದೆ. ಪ್ರಿನ್ಸಿಪಾಲರು ಓದಿದರೆ ಇವರ ಕೆಲಸಕ್ಕೆ ಕುತ್ತು ಬಂದೀತೆಂದು ಸುಧಾ ಹೆಸರು ಬಿಟ್ಟಿದ್ದಾರೆ. ಅದಕ್ಕೇ ಮೂರು ದಿನದಿಂದ ಇಬ್ಬರಿಗೂ ಜಗ್ಗಾಟ.

ನಾವು ಹೊರಡುವ ಹೊತ್ತಿಗೆ ತಾರಸಿಗೆ ಬಿಸಿಲು ಬಂದಿದೆ. ವಾಮದೇವಪ್ಪ ಬಿಲ್ಲೆಯನ್ನು ನೀರಿಗಿಳಿಸಿ, ಗುಳ್ಳೆ ಏಳುವವರೆಗೆ ಉಸಿರು ಹಿಡಿದು ನೋಡಿ, ಪಕ್ಕದಲ್ಲಿ ನಿಂತ ಸುಧಾ ಅವರ ಕಡೆ ತಿರುಗುತ್ತಾರೆ.

“ಹೊರಗಿನ ಕಲ್ಮಶ ಅಂತ ಬರೀಬ್ಯಾಡ್ರಿ ಮೇಡಂ. ಯಾರ್ದು ಅಂತ ಕೇಳ್ತಾರೆ, ಜಮಾಲುದ್ದೀನ್ ಸಾಬ್ರದ್ದು ಅಂತಾರೆ. ವಾಮದೇವಪ್ಪನ ವಿಭೂತಿ ಅಂತ ಬರೀರಿ.”