ಹಾಡಿನ ಅರ್ಧ ಪಾಲು

ಕರ್ಬಲಾದ ಕತೆ ಹೇಳುವ ಮೊಹರಂ ಪದ ಹಾಡುವುದರಲ್ಲಿ ಅಮೀನಗಡದ ತಿಮ್ಮಣ್ಣನನ್ನು ಮೀರಿಸುವವರು ಸುತ್ತಲಿನ ಹತ್ತು ಹಳ್ಳಿಗಳಲ್ಲಿ ಇಲ್ಲ. ಇದು ನನ್ನ ಮಾತಲ್ಲ, ಅವನದೇ. ಈ ಕಡಲೆ ಹೊಲದ ರೈತನ ಹತ್ತಿರ ವಿನಯ ಎಂದೂ ಸುಳಿದಿಲ್ಲ. ಆದರೆ ಕಾಲಿಗೆ ಗೆಜ್ಜೆ ಕಟ್ಟಿ ದನಿ ಎತ್ತಿದನೆಂದರೆ ಹೇಳಿದ್ದೆಲ್ಲ ನಿಜವೆನಿಸುತ್ತದೆ.

ಧರ್ಮದಿಂದ ಹುಟ್ಟಿದ ಕಲೆಯನ್ನು ಬಾಳಿಸಿದವರಿಗೆ ವಿದೇಶದ ಸಂಸ್ಥೆಯೊಂದು ಪ್ರಶಸ್ತಿ ಕೊಡುತ್ತದೆಂದು ತಿಳಿದು ಅವನ ಹೆಸರಲ್ಲಿ ಅರ್ಜಿ ತುಂಬಿದವನು ನಾನು, ಬಾಗಲಕೋಟೆಯಲ್ಲಿ ಪಾಠ ಹೇಳುವ ಸತ್ಯಬೋಧ. ಕೊನೆಯ ಸುತ್ತಿಗೆ ಉಳಿದವರು ತಿಮ್ಮಣ್ಣನೂ ಸೇರಿ ಮೂವರೇ. ತೀರ್ಪುಗಾರರೆದುರು ವಿಡಿಯೋ ಕರೆಯಲ್ಲಿ ಹಾಡಬೇಕು, ಒಬ್ಬರೇ ಹಾಡಬೇಕು.

ನನಗೆ ಅಳುಕು ಹುಟ್ಟಿದ್ದೇ ಅಲ್ಲಿ. ತಿಮ್ಮಣ್ಣನ ಜೋಡಿ ಹಾಡುಗಾರ ದಸ್ತಗೀರಸಾಬ, ಅಮೀನಗಡದಲ್ಲೇ ಕರದಂಟಿನ ಮಿಠಾಯಿ ಅಂಗಡಿಯಲ್ಲಿ ಬೆಲ್ಲದ ಪಾಕ ಕಾಯಿಸುವವನು. ನಲವತ್ತು ವರ್ಷಗಳಿಂದ ಪ್ರತಿ ಸಾಲಿನ ಮೊದಲರ್ಧ ತಿಮ್ಮಣ್ಣನದು, ಉಳಿದರ್ಧ ದಸ್ತಗೀರಸಾಬನದು. ಒಬ್ಬನ ಪಾಲಿಗೆ ಇನ್ನೊಬ್ಬ ಬಾಯಿ ಹಾಕಬಾರದೆಂಬುದು ಇಬ್ಬರಿಗೂ ಹಾಡು ಕಲಿಸಿದ ಉಸ್ತಾದರ ಕಟ್ಟಪ್ಪಣೆ.

"ಒಬ್ರ ಹಾಡ್ತೀರೇನು?" ಎಂದು ಕೇಳಿದೆ.

"ಅಂವ ಇರದಿದ್ರ ಹಾಡು ನಿಲ್ತದೇನ್ರಿ?" ಎಂದು ತಿಮ್ಮಣ್ಣ ಮೀಸೆ ತಿರುವಿದ.

ಬಾಗಲಕೋಟೆಯ ವಿದ್ಯಾಗಿರಿಯ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ನಿಂತು ಮೊದಲರ್ಧ ಎತ್ತಿದ. ಪರದೆಯ ಮೇಲಿನ ಮುಖಗಳು ಅರಳಿದವು. ಆಮೇಲೆ ಸುಮ್ಮನಾದ. ಉಸಿರು ತೆಗೆದುಕೊಳ್ಳುತ್ತಾನೆ ಅಂದುಕೊಂಡೆ. ಅವನು ಎಡಕ್ಕೆ ತಿರುಗಿ ನೋಡಿದ. ಅಲ್ಲಿ ನಮ್ಮ ಗೋಡೆ ಇತ್ತು. ಮತ್ತೆ ಮೊದಲಿಂದ ಹಾಡಿದ, ಮತ್ತೆ ಅಲ್ಲೇ ನಿಂತ.

"ಮುಂದ ಹಾಡ್ರಿ," ಎಂದು ಪಿಸುಗುಟ್ಟಿದೆ.

"ಮುಂದಿಂದು ದಸ್ತಗೀರಂದರಿ. ಅವನ್ನ ಕರಸ್ಲೇನು ಕೇಳ್ರಿ."

ಕೇಳಿದೆ. ತೀರ್ಪುಗಾರರು ಬಹಳ ಮರ್ಯಾದೆಯಿಂದಲೇ ಒಬ್ಬರೇ ಹಾಡಬೇಕೆಂಬ ನಿಯಮ ಓದಿ ಹೇಳಿದರು. ತಿಮ್ಮಣ್ಣ ಅಷ್ಟೇ ಮರ್ಯಾದೆಯಿಂದ ಕೈ ಮುಗಿದು ಪಕ್ಕಕ್ಕೆ ಸರಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅವನನ್ನು ಊರಿಗೆ ಬಿಟ್ಟುಬರಲೆಂದು ಜೊತೆಗೆ ಬಸ್ ಹತ್ತಿದೆ. "ನಲವತ್ತು ವರ್ಷ ಕೂಡಿ ಹಾಡೀರಿ, ಇನ್ನರ್ಧ ನಿಮಗ ಬಾಯಿಪಾಠ ಆಗ್ಲಿಲ್ಲೇನ್ರಿ?" ಎಂದು ಸಿಡುಕಿದೆ.

"ಬರ್ತದರಿ. ನಿದ್ದಿಗಣ್ಣಾಗ ಎಬ್ಬಿಸಿದ್ರೂ ಹೇಳ್ತೇನಿ," ಎಂದ ತಿಮ್ಮಣ್ಣ. ದನಿಯಲ್ಲಿ ಸೋತವನ ಸುಳಿವೇ ಇರಲಿಲ್ಲ. "ಬರ್ತದಂತ ಅವನ ಪಾಲು ನಾ ಉಣ್ಣಾಕ ಆಗ್ತದೇನ್ರಿ?"

ಅರ್ಜಿಯಲ್ಲಿ ಒಂದೇ ಹೆಸರು ಬರೆದವನು ನಾನು. ಅಮೀನಗಡದಲ್ಲಿ ಇಳಿದವನೇ ನಾಚುತ್ತ ದಸ್ತಗೀರಸಾಬನಿರುವ ಕರದಂಟಿನ ಅಂಗಡಿಯತ್ತ ನಡೆದೆ.