ಅಳಿಯಂದಿರ ಅಸ್ತಮಾ

ನನ್ನ ಗಂಡ ಹೃಷಿಕೇಶನಿಗೆ ಅಸ್ತಮಾ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಸಿಡ್ನಿಯ ಟೂಂಗಾಬಿಯಿಂದ ಹ್ಯಾರಿಸ್ ಪಾರ್ಕ್‌ವರೆಗೆ ಕನ್ನಡ ಮಾತಾಡುವವರು ಯಾರೇ ಸಿಕ್ಕರೂ "ನಿಮ್ಮೆಜಮಾನ್ರ ಉಸಿರಾಟ ಈಗ ಹೇಗಿದೆ, ಪಾಪ" ಎಂದು ನನ್ನನ್ನು ಕೇಳುತ್ತಿದ್ದ ಕಾಲವೊಂದಿತ್ತು. ಅವನ ಉಸಿರು ಗಟ್ಟಿಯಾಗಿಯೇ ಇತ್ತು. ತೊಂದರೆ ಇದ್ದದ್ದು ನಾಲಿಗೆಯಲ್ಲಿ. 'ಬೇಡ' ಎನ್ನುವ ಎರಡಕ್ಷರ ಅದರ ಮೇಲೆ ಹೊರಳುತ್ತಿರಲಿಲ್ಲ.

ಮೈಸೂರಿನ ಹುಡುಗ, ಬಲು ಮೆತ್ತಗಿನ ಸ್ವಭಾವ ಎಂದು ನೋಡಿ ಮದುವೆ ಮಾಡಿಕೊಟ್ಟರು. ಮೆತ್ತಗಿನ ಸ್ವಭಾವದ ಜೊತೆ ಸಂಸಾರ ಮಾಡುವವರಿಗೆ ಗೊತ್ತು ಅದರ ಕಷ್ಟ. ಆಫೀಸಿನಲ್ಲಿ ಯಾರು ರಜೆ ಹಾಕಿದರೂ ಅವರ ಕೆಲಸ ಇವನ ತಲೆಗೆ. ಬಾಗಿಲಿಗೆ ಬಂದು ಕರೆಂಟ್ ಕಂಪನಿ ಬದಲಾಯಿಸಿ ಎಂದವರಿಗೆಲ್ಲ ಇವನು ಸಹಿ ಹಾಕಿದ್ದಾನೆ. ಊಟಕ್ಕೆ ಕೂತರೆ ಎಲೆಗೆ ಕೈ ಅಡ್ಡ ಹಿಡಿಯುವುದು ಗೊತ್ತಿಲ್ಲ; ಬಡಿಸಿದಷ್ಟೂ ತಿಂದು, ಆಮೇಲೆ ನನ್ನ ಹತ್ತಿರ ಜೀರಿಗೆ ಕಷಾಯ ಕೇಳುತ್ತಾನೆ. ಉಪಚಾರ ಮಾಡುವ ಚಟ ಇರುವ ನಮ್ಮ ಜನಕ್ಕೆ ಇಂಥವನೊಬ್ಬ ಸಿಕ್ಕರೆ ಹಬ್ಬ.

ಹೀಗೇ ಉಪಚಾರ ಮಾಡಿದವನು ಇವನ ಗೆಳೆಯ ದರ್ಶನ್. ನಾವಿರುವ ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲೇ, ಹೊಸ ಬಡಾವಣೆಯಲ್ಲಿ ಅವನು ಮನೆ ಕಟ್ಟಿಸಿದ. ಗೃಹಪ್ರವೇಶದ ದಿನ ಬೆಳಿಗ್ಗೆ ಹೋಮ, ಹೋಳಿಗೆ. ಸಂಜೆ ಗ್ಯಾರೇಜಿನಲ್ಲಿ ಗ್ಲಾಸು. ನನಗೆ ಜ್ವರ, ಮನೆಯಲ್ಲೇ ಮಲಗಿದ್ದೆ. "ನನ್ ಮನೆ ಗೃಹಪ್ರವೇಶ ಮಾರಾಯ, ಇನ್ನೊಂದು ತಗೋ" ಎಂದು ದರ್ಶನ್ ಸುರಿದಷ್ಟು ಸಲವೂ ಇವನು ಕುಡಿದ. ಮನೆಗೆ ಬರುವ ದಾರಿಯಲ್ಲಿ ಪೊಲೀಸರು ಎಲ್ಲ ಕಾರುಗಳನ್ನೂ ನಿಲ್ಲಿಸಿ ಉಸಿರು ನೋಡುತ್ತಿದ್ದರು. ಹಿಂದಿನ ಸೀಟಿನಲ್ಲಿ ನಮ್ಮ ಮಗಳು ಆದ್ಯಾ ನಿದ್ದೆ ಮಾಡುತ್ತಿದ್ದಳು. ಫೋನ್ ಬಂದು ನಾನು ಓಡಿ ಹೋದಾಗ ರೇಷ್ಮೆ ಲಂಗ ಹಾಕಿದ್ದ ಆರು ವರ್ಷದ ಕೂಸು ರಸ್ತೆ ಬದಿಯಲ್ಲಿ ಪೊಲೀಸಮ್ಮನ ಕೈ ಹಿಡಿದು ನಿಂತಿತ್ತು.

ಕೋರ್ಟು, ದಂಡ, ಲೈಸೆನ್ಸ್ ರದ್ದು. ಎಷ್ಟೋ ತಿಂಗಳ ಮೇಲೆ ಲೈಸೆನ್ಸ್ ವಾಪಸ್ ಬಂತು, ಜೊತೆಗೆ ಕಾರಿಗೆ ಇಂಟರ್‌ಲಾಕ್ ಎನ್ನುವ ಮೆಷಿನ್ ಕೂಡ ಬಂತು. ಅದಕ್ಕೆ ಊದಿದರೆ ಮಾತ್ರ ಗಾಡಿ ಸ್ಟಾರ್ಟ್ ಆಗುತ್ತದೆ. ಉಸಿರಿನಲ್ಲಿ ಮದ್ಯದ ಸೋಂಕಿದ್ದರೆ ಫೇಲ್ ಎಂದು ಕೂಗಿಕೊಂಡು, ಫೋಟೊ ತೆಗೆದುಕೊಂಡು ನೆನಪಿಟ್ಟುಕೊಳ್ಳುತ್ತದೆ. ದಾರಿಯಲ್ಲೂ ಮನಸ್ಸು ಬಂದಾಗ ಮತ್ತೆ ಊದು ಎನ್ನುತ್ತದೆ. ಆ ಕಾರನ್ನು ಯಾರು ಓಡಿಸಿದರೂ ಊದಲೇಬೇಕು. ಜನ್ಮದಲ್ಲಿ ಒಂದು ಹನಿ ಮುಟ್ಟದ ನಾನು ಮಗಳ ಸ್ಕೂಲಿನ ಮುಂದೆ, ಉಳಿದ ಅಮ್ಮಂದಿರು ನೋಡುತ್ತಿರುವಾಗ, ಕತ್ತು ಬಗ್ಗಿಸಿ ಊದಿದ್ದೇನೆ. ಮೆಷಿನ್ ಕಾಣದ ಹಾಗೆ ಹೃಷಿ ಅದಕ್ಕೆ ಆದ್ಯಾಳ ಹಳೆಯ ಉಣ್ಣೆ ಟೋಪಿ ಹಾಕಿಡುತ್ತಿದ್ದ.

ಕೊನೆಯ ಆರು ತಿಂಗಳು ಒಂದೂ ತಪ್ಪಿಲ್ಲದೆ ಕಳೆದರೆ ಮೆಷಿನ್ ಬಿಚ್ಚುತ್ತಾರೆ. ತಪ್ಪಿದರೆ ಮತ್ತೆ ಮೊದಲಿನಿಂದ. ನಾನೂ ಒಂದು ಷರತ್ತು ಹಾಕಿದ್ದೆ. "ಹೃಷಿ, ಈ ಮೆಷಿನ್ ಒಂದೇ ಒಂದು ಸಲ ಫೇಲ್ ಅಂದ್ರೂ ನಾನು ಆದ್ಯಾನ್ನ ಕರ್ಕೊಂಡು ಟೂಂಗಾಬಿಗೆ ಹೋಗ್ತೀನಿ. ಬಾಯಿಮಾತಿಗೆ ಹೇಳ್ತಿಲ್ಲ." ಟೂಂಗಾಬಿ ನನ್ನ ತವರು. ಅಪ್ಪ ಲಕ್ಷ್ಮೀನಾರಾಯಣ, ರೈಲ್ವೆಯಲ್ಲಿ ಇಂಜಿನಿಯರ್ ಆಗಿದ್ದು ರಿಟೈರ್ ಆದವರು, ಅಮ್ಮ ಗಿರಿಜಾ. ಅವರಿಗೆ ಈ ಕೇಸಿನ ಸುದ್ದಿಯೇ ಗೊತ್ತಿರಲಿಲ್ಲ.

ಕ್ರಿಸ್ಮಸ್ ರಜೆಯಲ್ಲಿ ಕಾರಿನಲ್ಲೇ ಸಿಡ್ನಿಗೆ ಹೋಗಿದ್ದಾಗ, ಅಪ್ಪ ವಾಕಿಂಗ್ ಮುಗಿಸಿ ಬರುವ ಹೊತ್ತಿಗೆ ಸರಿಯಾಗಿ ಹೃಷಿ ಮನೆಯ ಮುಂದೆ ಕೂತು ಊದುತ್ತಿದ್ದ.

"ಏನ್ರೀ ಅಳಿಯಂದ್ರೇ ಅದು?"

"ಅದಾ ಮಾವ... ಉಸಿರಿಂದು. ಸ್ವಲ್ಪ ಅಸ್ತಮಾ ತರ."

ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಮೈಯೆಲ್ಲ ಉರಿದುಹೋಯಿತು. ಅಪ್ಪನ ಮುಂದೆ ಇವನನ್ನು 'ರೀ' ಎನ್ನುವ ಮರ್ಯಾದೆಯವಳು ನಾನು, ಹಲ್ಲು ಕಚ್ಚಿಕೊಂಡು ಒಳಗೆ ಹೋದೆ. ಎರಡೇ ವಾರದಲ್ಲಿ ಅಳಿಯಂದಿರ ಅಸ್ತಮಾ ಇಡೀ ಟೂಂಗಾಬಿಗೆ ಗೊತ್ತಾಯಿತು. ನಿಜ ಹೇಳು ಎಂದು ನಾನು ಎಷ್ಟು ಸಲ ಜಗಳ ಆಡಿದೆನೋ. ಹೇಳ್ತೀನಿ, ಹೇಳ್ತೀನಿ ಎಂದ, ಅಷ್ಟೆ.

ಮೆಷಿನ್ ಬಿಚ್ಚುವುದಕ್ಕೆ ಇನ್ನು ಕೆಲವೇ ವಾರ ಉಳಿದಿದ್ದಾಗ ಅಪ್ಪ ಅಮ್ಮ ನಮ್ಮಲ್ಲಿಗೆ ಬಂದು ಎಂಟು ದಿನ ಇದ್ದರು. ಅವರು ಹೊರಡುವ ಹಿಂದಿನ ಸಂಜೆ ಹೃಷಿ ದರ್ಶನ್ ಮನೆಗೆ ಹೋಗಿ ಬಂದ. ಏನೋ ಪಾರ್ಸೆಲ್ ಕೊಡುವುದಿತ್ತಂತೆ. ದರ್ಶನ್ ಹೆಸರು ಕೇಳಿದರೇ ನನಗೆ ಪಿತ್ತ ನೆತ್ತಿಗೇರುತ್ತದೆ, ಆದರೂ ಸುಮ್ಮನಿದ್ದೆ.

ಭಾನುವಾರ ಬೆಳಿಗ್ಗೆ ಏರ್‌ಪೋರ್ಟಿಗೆ ಹೊರಟೆವು. ನಾನು ಗ್ಯಾಸ್ ನೋಡಿ, ಬಾಗಿಲು ಹಾಕಿ ಬರುವಷ್ಟರಲ್ಲಿ ಎಲ್ಲರೂ ಕಾರಿನಲ್ಲಿದ್ದರು. ನಾನು ಮುಂದೆ ಕೂತೆ. ಹೃಷಿ ಟೋಪಿ ತೆಗೆದು ಊದಿದ.

ಮೆಷಿನ್ ಕೂಗಿತು. ಫೇಲ್.

ಅವನ ಮುಖದ ಬಣ್ಣ ಹೋಯಿತು. ಹಿಂದಿನಿಂದ ಅಪ್ಪ, "ಏನಾಯ್ತು ಅಳಿಯಂದ್ರೇ, ಉಸಿರು ಸಾಲ್ಲಿಲ್ವಾ?" ಎಂದರು. ನಾನು ಅವನ ಕಡೆಗೆ ಬಗ್ಗಿದೆ. ಬಾಯಿಂದ ಸಿಹಿ ಹುಳಿ ಬೆರೆತ ವಾಸನೆ ಬಂತು, ಸಾರಾಯಿಯದೇ.

"ರೀ, ಸ್ವಲ್ಪ ಒಳಗೆ ಬನ್ನಿ" ಎಂದೆ.

ಅಡುಗೆಮನೆಗೆ ಹೋದ ಮೇಲೆ ಮರ್ಯಾದೆ ಎಲ್ಲಿಯದು. "ದರ್ಶನ್ ಮನೇಲಿ ಕುಡ್ದ್ಯಾ?"

"ಇಲ್ಲ ಆರತಿ."

"ಮತ್ತೆ ಬಾಯಿ ಯಾಕೆ ಹಾಗೆ ವಾಸನೆ ಹೊಡೀತಿದೆ?"

ಅವನು ಕಿಟಕಿಯಿಂದ ಕಾರಿನ ಕಡೆ ನೋಡಿದ, ನನ್ನನ್ನು ನೋಡಿದ, ತಲೆ ತಗ್ಗಿಸಿದ. "ಒಂದ್ಮಾತು ಹೇಳು ಹೃಷಿ, ನಂಬ್ತೀನಿ" ಎಂದು ಕೇಳಿದೆ. ನಿಜವಾಗಿ ಅಂಗಲಾಚಿಯೇ ಕೇಳಿದೆ. ಬಾಯಿ ತೆರೆದ, ಮುಚ್ಚಿದ.

ನಾನು ಆದ್ಯಾಳ ರೂಮಿಗೆ ಹೋಗಿ ನೀಲಿ ಬ್ಯಾಗು ಎಳೆದು ಅವಳ ಬಟ್ಟೆ, ಬ್ರಶ್, ಅವಳು ತಬ್ಬಿಕೊಂಡು ಮಲಗುವ ಕರಡಿ, ಕೈಗೆ ಸಿಕ್ಕಿದ್ದೆಲ್ಲ ತುಂಬಿದೆ. ಜಿಪ್ ಸಿಕ್ಕಿಕೊಂಡಿತು. ಬಾಗಿಲಲ್ಲಿ ನಿಂತಿದ್ದ ಈ ಪುಣ್ಯಾತ್ಮ 'ಹೋಗಬೇಡ' ಎನ್ನುವುದು ಬಿಟ್ಟು, ಮಂಡಿಯೂರಿ ಕೂತು ಜಿಪ್ ಬಿಡಿಸಿ ಪೂರ್ತಿ ಎಳೆದುಕೊಟ್ಟ. ಆ ಬ್ಯಾಗನ್ನೇ ಎತ್ತಿ ಅವನ ತಲೆಗೆ ಹಾಕಬೇಕು ಅನಿಸಿತು.

ಹೊರಗೆ ಬಂದು ಬ್ಯಾಗನ್ನು ಡಿಕ್ಕಿಯಲ್ಲಿ ಎಸೆದೆ. ಹೃಷಿ ಹಿಂದೆಯೇ ಬಂದ. ಅಪ್ಪ ಕೆಳಗಿಳಿದರು.

"ಇದ್ಯಾರ ಬ್ಯಾಗೇ?"

"ಆದ್ಯಾದು. ನಾವಿಬ್ರೂ ನಿಮ್ಜೊತೆ ಬರ್ತಿದೀವಿ. ಟಿಕೆಟ್ ಈಗ ಬುಕ್ ಮಾಡ್ತೀನಿ."

"ಬಟ್ ಅಮ್ಮ, ಐ ಹ್ಯಾವ್ ಸ್ಕೂಲ್ ಟುಮಾರೋ" ಎಂದಳು ಆದ್ಯಾ. ಅಮ್ಮ ಅವಳ ಕೈ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. ಹೆತ್ತವಳಿಗೆ ವಾಸನೆ ಬಡಿದಿತ್ತು, ಏನೋ ಕೆಟ್ಟಿದೆ ಎಂದು. ಅಪ್ಪನಿಗೆ ಮಾತ್ರ ಇಲ್ಲ.

"ಅಳಿಯಂದ್ರಿಗೆ ಹುಷಾರಿಲ್ದೇ ಇರೋವಾಗ ಬಿಟ್ಟು ಬರ್ತಾಳಂತೆ. ಬುದ್ಧಿ ಎಲ್ಲಿಟ್ಟಿದೀಯ?" ಎಂದು ನನಗೆ ಗದರಿ, ಅಪ್ಪ ತಮ್ಮ ಕೈಚೀಲದಿಂದ ಕಂದು ಬಣ್ಣದ ಬಾಟಲಿ ತೆಗೆದರು. "ಆಡುಸೋಗೆ ಅರಿಷ್ಟ. ಹ್ಯಾರಿಸ್ ಪಾರ್ಕ್‌ನಲ್ಲಿ ಅಂಗಡಿ ಅಂಗಡಿ ಹುಡುಕಿ ತಂದಿದ್ದು. ಆಗ ಕಾರ್ ಹತ್ತೋವಾಗ ಕೊಟ್ಟಿದ್ದು ಸಾಲ್ಲಿಲ್ಲ ಅನ್ಸತ್ತೆ. ಇನ್ನೊಂದು ಮುಚ್ಚಳ ತಗೊಳ್ಳಿ ಅಳಿಯಂದ್ರೇ, ಉಸಿರು ಬಿಟ್ಕೊಳತ್ತೆ."

ಮುಚ್ಚಳಕ್ಕೆ ಸುರಿದರು. ವಾಸನೆ ನನ್ನ ಮೂಗಿಗೆ ಬಂತು. ಅದೇ ಸಿಹಿ, ಅದೇ ಹುಳಿ. ನಮ್ಮ ಅಜ್ಜಿ ಬಾಣಂತಿಯರಿಗೆ ಅರಿಷ್ಟ ಕುಡಿಸಿ, ಇದು ಬೆಲ್ಲದಲ್ಲಿ ತಿಂಗಳುಗಟ್ಟಲೆ ಹುಳಿ ಬಂದದ್ದು, ಚೂರು ಅಮಲು ಇರುತ್ತೆ ಎಂದು ನಗುತ್ತಿದ್ದದ್ದು ನೆನಪಾಯಿತು. ಮೌತ್‌ವಾಶ್ ಕೂಡ ಮುಟ್ಟಬೇಡಿ ಎಂದು ಮೆಷಿನ್ ಕೂರಿಸಿದವನು ಹೇಳಿದ್ದ. ಅರಿಷ್ಟದ ಸುದ್ದಿ ಆ ಬಿಳಿಯನಿಗೆ ಹೇಗೆ ಗೊತ್ತಿರಬೇಕು.

ಅಪ್ಪನ ಕೈ ಚಾಚಿಕೊಂಡೇ ಇತ್ತು. ಹೃಷಿಯ ಕೈಯೂ ಅಭ್ಯಾಸಬಲದಿಂದ ಮುಂದೆ ಬಂತು. ಮುಚ್ಚಳ ತೆಗೆದುಕೊಂಡ. ಈಗಲೂ ಇವನು ಕುಡಿದರೆ ನಾನು ವಾಪಸ್ ಬರುವುದೇ ಇಲ್ಲ ಎಂದುಕೊಂಡೆ. ಬಾಯಿಯವರೆಗೆ ಹೋದ ಕೈ ನಿಂತಿತು. ಅವನು ಬಗ್ಗಿ ಅದನ್ನು ಹುಲ್ಲಿಗೆ ಚೆಲ್ಲಿದ.

"ಮಾವ, ನಂಗೆ ಅಸ್ತಮಾ ಇಲ್ಲ" ಎಂದ. "ನಾನು ಕುಡ್ದು ಗಾಡಿ ಓಡ್ಸಿ ಪೊಲೀಸ್‌ಗೆ ಸಿಕ್ಕಿಬಿದ್ದೆ. ಅದಕ್ಕೆ ಈ ಮೆಷಿನ್ ಹಾಕಿರೋದು. ಅವತ್ತು ಆದ್ಯಾ ಹಿಂದಿನ್ ಸೀಟಲ್ಲಿ ಮಲ್ಗಿದ್ಲು."

ಕೊನೆಯ ಮಾತನ್ನು ಅವನು ನನ್ನ ಹತ್ತಿರವೂ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಅಮ್ಮ ಆದ್ಯಾಳನ್ನು ಎದೆಗೆ ಒತ್ತಿಕೊಂಡರು. ಅಪ್ಪ ಕೈಯಲ್ಲಿದ್ದ ಬಾಟಲಿಯನ್ನು ತಿರುಗಿಸಿ ನೋಡಿದರು.

"ಹಾಗಾದ್ರೆ ಇವತ್ತು ಅದು ಕೂಗಿದ್ದು ಈ ಔಷಧಿಗಾ?"

"ಹೂಂ. ವಾಸನೆ ನೋಡಿದಾಗ್ಲೇ ಗೊತ್ತಾಯ್ತು ನಂಗೆ. ನೀವು ಪ್ರೀತಿಯಿಂದ ಕೈ ಚಾಚಿದ್ರಿ. ಗೊತ್ತಿದ್ದೂ ಕುಡ್ದೆ. ತಪ್ಪು ನಂದೇ ಮಾವ."

ನನಗೆ ಅಳು ಬಂತು, ಸಿಟ್ಟೂ ಬಂತು. ಮತ್ತೆ ಆರು ತಿಂಗಳು. ಮತ್ತೆ ಸ್ಕೂಲಿನ ಮುಂದೆ ನಾನು ಊದಬೇಕು. ಅಡುಗೆಮನೆಯಲ್ಲಿ ಈ ನಾಲ್ಕು ಮಾತು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಹೃಷಿ ಅಂಗಳದ ನಲ್ಲಿಯ ಹತ್ತಿರ ಕೂತು ಬಾಯಿ ಮುಕ್ಕಳಿಸಿದ, ಮುಕ್ಕಳಿಸುತ್ತಲೇ ಇದ್ದ. ಫ್ಲೈಟಿನ ಹೊತ್ತು ಹತ್ತಿರವಾಗುತ್ತಿತ್ತು. ಯಾರೂ ಟ್ಯಾಕ್ಸಿ ಎನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಬಂದು ಊದಿದ. ಕಾರು ಸ್ಟಾರ್ಟ್ ಆಯಿತು.

ಅಪ್ಪ ನನ್ನ ಸೀಟಿನಲ್ಲಿ ಮುಂದೆ ಕೂತರು, ನಾನು ಹಿಂದೆ. ರಿಂಗ್ ರೋಡಿನಲ್ಲಿ ಮೆಷಿನ್ ಬೀಪ್ ಎಂದು ಮತ್ತೆ ಊದಲು ಕೇಳಿತು. ಹೃಷಿಯ ಎರಡೂ ಕೈ ಸ್ಟಿಯರಿಂಗ್ ಮೇಲಿದ್ದವು. ಅಪ್ಪ ಅದನ್ನು ತಾವೇ ಎತ್ತಿಕೊಂಡರು, ಹಿಂದೆ ಮುಂದೆ ತಿರುಗಿಸಿ ನೋಡಿದರು, ಆಮೇಲೆ ಅವನ ಬಾಯಿಗೆ ಹಿಡಿದರು.

"ಊದಪ್ಪ" ಎಂದರು.

ಮದುವೆಯಾಗಿ ಇಷ್ಟು ವರ್ಷದಲ್ಲಿ ಅಪ್ಪ ಅಳಿಯನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಹೃಷಿ ಊದಿದ. ಅವನ ಕಣ್ಣು ಒದ್ದೆಯಾಗಿದ್ದು ಕನ್ನಡಿಯಲ್ಲಿ ಕಂಡಿತು.

ಏರ್‌ಪೋರ್ಟಿನಲ್ಲಿ ಅಪ್ಪ ತಮ್ಮ ಎರಡು ಸೂಟ್‌ಕೇಸ್ ಇಳಿಸಿಕೊಂಡರು. ನೀಲಿ ಬ್ಯಾಗನ್ನು ಮುಟ್ಟಲಿಲ್ಲ. ನಾನೂ ಇನ್ನೂ ಟಿಕೆಟ್ ಬುಕ್ ಮಾಡಿರಲಿಲ್ಲ, ಫೋನ್ ಕೈಯಲ್ಲೇ ಇತ್ತು. ಅಪ್ಪ ಹೃಷಿಯ ಹೆಗಲ ಮೇಲೆ ಕೈ ಇಟ್ಟರು.

"ಟೂಂಗಾಬೀಲಿ ಒಬ್ರಿಗೂ ಹೇಳಲ್ಲ ಕಣಪ್ಪ. ಎಲ್ರೂ ಅಸ್ತಮಾ ಅಂತಾನೇ ಅನ್ಕೊಂಡಿದಾರೆ, ಹಾಗೇ ಇರ್ಲಿ. ನಿಂಗೂ ಮರ್ಯಾದೆ, ನಮ್ಗೂ ಮರ್ಯಾದೆ. ಏನಂತೀಯ?"

ಇದಕ್ಕಿಂತ ದೊಡ್ಡ ಉಪಚಾರ ಯಾರು ತಾನೇ ಮಾಡಿಯಾರು. ಆಯ್ತು ಮಾವ ಎಂದರೆ ಮುಗಿಯಿತು, ಜೀವಮಾನವಿಡೀ ಅವನು ಹಾಗೆ ಅನ್ನುತ್ತಲೇ ಬಂದವನು. ಹೃಷಿ ನನ್ನ ಕಡೆ ನೋಡಲೂ ಇಲ್ಲ, ಅಪ್ಪನನ್ನೇ ನೋಡುತ್ತಿದ್ದ.

"ಬೇಡ ಮಾವ" ಎಂದ.

ನಾನು ಡಿಕ್ಕಿ ಮುಚ್ಚಿದೆ. ನೀಲಿ ಬ್ಯಾಗು ಒಳಗೇ ಇತ್ತು.